ಹೊಂಡಕ್ಕೆ ಇಳಿದ ದಿನ

"ನಿಮ್ಮ ಹಡದವ್ವನ... ಇವು ಕಡ್ಲಿ ಗಿಡ ಅಂತ ತಿಳದಿರೇನಲೇ ರಂಡೇರ? ಕಣ್ಣ ಮನ್ಯಾಗ ಇಟ್ಟು ಬಂದಿದ್ದಿರೇನು?"

ಶಿವರಾಜಪ್ಪ ಸಾವ್ಕಾರ ಬೊಗಳುತ್ತಿದ್ದ. ಬೊಗಳಲಿಕ್ಕೆ ಕಾರಣವೂ ಇತ್ತು. ಚಿಕ್ಕಮಗಳೂರಿನಿಂದ ಲಾರಿಯಲ್ಲಿ ತರಿಸಿ, ಹಸಿರು ಪರದೆಯ ನೆರಳು ಕಟ್ಟಿ ನೆಟ್ಟಿದ್ದ ಅವನ ಕಾಫಿ ಗಿಡಗಳಲ್ಲಿ ಒಂದರ ತಲೆಯ ಮೇಲೂ ಚಿಗುರು ಉಳಿದಿರಲಿಲ್ಲ. ಹಿಂದಿನ ದಿನ ಕಳೆ ತೆಗೆಯಲು ಹೇಳಿ ಅವನು ಔರಾದಕ್ಕೆ ಹೋಗಿದ್ದ. ಕೇರಿಯ ಹೆಂಗಸರು ಕಳೆ ತೆಗೆದರು. ತೆಗೆದ ಮೇಲೂ ಹೊತ್ತು ಮಿಕ್ಕಿತು. ಕಡಲೆ ಗಿಡ ಗೇಣುದ್ದ ಆದಾಗ ಕುಡಿ ಚಿವುಟಿದರೆ ಅದು ಹರಡಿಕೊಂಡು ಹುಲುಸಾಗಿ ಕಾಯಿ ಹಿಡಿಯುತ್ತದೆ ಎಂಬುದು ಆ ಸೀಮೆಯಲ್ಲಿ ಹಾಲುಹಲ್ಲಿನ ಕೂಸಿಗೂ ಗೊತ್ತು. ಕೇಳದಿದ್ದರೂ ಮಾಡಿಕೊಡುವುದು ಕೂಲಿಯವರ ಮರ್ಯಾದೆ. ಹಾಗೆಂದು ಝರೆಮ್ಮ ಒಂದು ಸಾಲು, ತುಳಜಮ್ಮ ಒಂದು ಸಾಲು, ಅನ್ವರಿ ಬೇಗಂ ಒಂದು ಸಾಲು ಹಿಡಿದು ಕಾಫಿಯ ಕುಡಿಗಳನ್ನೆಲ್ಲ ಚಿವುಟಿ, ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಹೋಗಿದ್ದರು. ಕಡಲೆ ಕುಡಿಯ ಪಲ್ಯ ಇದ್ದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಕಾಫಿ ಕುಡಿಯೂ ಹಾಗೇ ಇದ್ದೀತು ಎಂದುಕೊಂಡಿದ್ದರು.

"ಕುಡಿ ಎಲ್ಲಿ ಅವ ಈಗ?"

"ಪಲ್ಯ ಮಾಡಿ ತಿಂದೀವ್ರಿ," ಎಂದಳು ತುಳಜಮ್ಮ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ. "ಭಾಳ ಕಹಿ ಇತ್ತರಿ. ನಮ್ಮ ಮಾವ ತಿಂದು ರಾತ್ರಿಯೆಲ್ಲಾ ಕಣ್ಣ ಮುಚ್ಚಿಲ್ಲ. ಎದ್ದು ಕುಂತು ಭಜನಿ ಹಾಡ್ಯಾನ. ಓಣಿ ಮಂದಿ ಯಾರೂ ಮಕ್ಕೊಂಡಿಲ್ರಿ."

ಝರೆಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಳು. ಅದು ಸಾವ್ಕಾರನ ಕಣ್ಣಿಗೆ ಬಿತ್ತು. ಕಾಲಿನ ಚಪ್ಪಲಿ ಕಿತ್ತು ಬೀಸಿದ. ಗುರಿ ಝರೆಮ್ಮನದು, ತಾಗಿದ್ದು ತುಳಜಮ್ಮನ ಹೆಗಲಿಗೆ. ಚಪ್ಪಲಿ ಹೋಗಿ ಸಾಲಿನಾಚೆ ಬಿತ್ತು.

"ತಂದು ಇಡು."

ತುಳಜಮ್ಮ ಹೋಗಿ ಎತ್ತಿಕೊಂಡು ಬಂದು ಅವನ ಕಾಲ ಬಳಿ ಇಟ್ಟಳು. ಅವನು ಮೆಟ್ಟಿಕೊಂಡ. ಆಗ ಯಾರೂ ನಗಲಿಲ್ಲ.

ಮರುದಿನವೇ ಬೀದರಿನಿಂದ ಮಂದಿ ಬರುವವರಿದ್ದರು. ಗುಡ್ಡ ಹತ್ತುವುದು, ಕಾಫಿ ತೋಟ ನೋಡುವುದು, ಬಿಸಿನೀರಿನ ಚಿಲುಮೆಯಲ್ಲಿ ಮೀಯುವುದು, ಸಂಜೆಗೆ ಮನೆ ಸೇರುವುದು. ಇಂಥದೊಂದು ಒಂದು ದಿನದ ಪ್ರವಾಸವನ್ನು ಸಾವ್ಕಾರನೂ, ಭಾಲ್ಕಿಯ ಗೈಡು ಮಕರಂದನೂ ಕೂಡಿ ಹುಟ್ಟಿಸಿದ್ದರು. ಔರಾದ ತಾಲೂಕಿನಲ್ಲಿ ಚಿಂತಾಕಿ ದಾಟಿ ಬರುವ ಕೆಂಪಗಾಂವದಲ್ಲಿ ಗುಡ್ಡವೇನೋ ಇದೆ. ಕಾಫಿ ಯಾವ ಕಾಲಕ್ಕೂ ಇರಲಿಲ್ಲ. ಬಿಸಿನೀರು ಬಾಣಂತಿಯ ಬಚ್ಚಲಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಇದ್ದದ್ದು ಒಂದು ತಣ್ಣೀರಿನ ಝರಿ. ಗುಡ್ಡದ ಬುಡದಲ್ಲಿ ಕೆಂಪುಕಲ್ಲಿನ ಸಂದಿಯಿಂದ ಬೇಸಿಗೆಯಲ್ಲೂ ಬತ್ತದೆ ಬರುತ್ತಿತ್ತು. ಊರೊಳಗಿನ ಭಾವಿಗೆ ಕೊಡ ಇಳಿಸಲು ಬಿಡದ ಕಾಲದಲ್ಲಿ ಕೇರಿಯವರು ಅದರ ಕೆಳಗೆ ತಾವೇ ಹೊಂಡ ತೋಡಿ ಮೆಟ್ಟಿಲು ಕಟ್ಟಿಕೊಂಡರು. ಝರೆಮ್ಮನ ಅತ್ತೆ ಬಸುರಿಯಾಗಿದ್ದಾಗ ಅದಕ್ಕೆ ಕಲ್ಲು ಹೊತ್ತವಳು. ಜಾಗ ಸರಕಾರದ್ದು, ಪಕ್ಕದ ಹೊಲ ಸಾವ್ಕಾರನದು. ಎರಡು ವರ್ಷದ ಹಿಂದೆ ಅವನು ತನ್ನ ತಂತಿ ಬೇಲಿಯನ್ನು ಹೊಂಡದಾಚೆಗೆ ಸರಿಸಿ ಅದನ್ನು ಒಳಗೆ ಹಾಕಿಕೊಂಡ. ಕೇರಿಯ ಹೆಂಗಸರು ಅಂದಿನಿಂದ ಡಾಂಬರು ರಸ್ತೆ ದಾಟಿ, ಯಾರದೋ ಬೋರ್‌ವೆಲ್ ಮುಂದೆ ಕೈಕಟ್ಟಿ ನಿಂತು ನೀರು ತರುತ್ತಿದ್ದರು. ಹೊಂಡಕ್ಕೆ ಈಗ ನೀಲಿ ಹಂಚು ಬಂದಿತ್ತು, ಹಿಡಿದು ಇಳಿಯಲು ಸ್ಟೀಲಿನ ಕಂಬಿ ಬಂದಿತ್ತು, ನೀರು ಬೀಳಲು ಸಿಮೆಂಟಿನ ಆಕಳ ಮುಖ ಬಂದಿತ್ತು.

ಆಕಳ ಬಾಯಿಂದ ಬಿಸಿನೀರು ಹೇಗೆ ಬರುತ್ತದೆ ಎಂಬುದು ಕೇರಿಗೆ ಮಾತ್ರ ಗೊತ್ತು. ಎತ್ತರದ ಗೋಡೆಯ ಹಿಂದೆ ಸಾವ್ಕಾರನ ಹಳೆಯ ಬೆಲ್ಲದ ಒಲೆಗಳಿದ್ದವು. ಅವುಗಳ ಮೇಲೆ ಬೆಲ್ಲದ ಕಡಾಯಿಗಳಲ್ಲಿ ನೀರು ಕಾಯಿಸಿ ಪೈಪಿನಲ್ಲಿ ಬಿಡುವುದು. ಕೇರಿಯ ಮುದುಕ ಪಂಢರಿ ಮೊದಲು ಬೆಲ್ಲಕ್ಕೆ ಉರಿ ಹಾಕುತ್ತಿದ್ದವನು, ಈಗ ಚಿಲುಮೆಗೆ ಉರಿ ಹಾಕುತ್ತಿದ್ದ. ಹೆಂಗಸರು ತೊಗರಿ ಕಟ್ಟಿಗೆ, ಕಬ್ಬಿನ ಒಣಗರಿಯ ರವದಿ ಹೊತ್ತು ಹಾಕಬೇಕು. ನಿಜವಾದ ಝರಿಯ ಬಾಯಿಗೆ ಗೋಣಿಚೀಲ, ಮಣ್ಣು ತುರುಕಿ ಬಂದ್ ಮಾಡಿದ್ದರು. ಭೂಮಿಯೊಳಗಿನ ನೀರಿನ ವಾಸನೆ ಬರಲೆಂದು ಮಕರಂದ ಒಂದು ಹಿಡಿ ಗಂಧಕದ ಪುಡಿಯನ್ನೂ ಹಾಕಿಸುತ್ತಿದ್ದ.

"ನಾಳಿ ಟೂರಿಸಂ ಇಲಾಖೆದ ದೊಡ್ಡ ಸಾಹೇಬ್ರು, ಭಾಲಚಂದ್ರ ಅವರು, ಬರ್ಲತ್ತಾರ," ಎಂದ ಸಾವ್ಕಾರ. "ಅವರಿಗಿ ಪಸಂದ ಬಂದು ಸರಕಾರಕ್ಕ ಬರದ್ರಂದ್ರ ಈ ಝರಿ, ಈ ಗುಡ್ಡದ ಬುಡ ಮೂವತ್ತು ವರ್ಷ ನನ್ನ ಹೆಸರಿಗಿ ಲೀಜ್ ಆಗ್ತದ. ಒಬ್ಬಾಕಿನಾದರೂ ಬಾಯಿ ಬಿಟ್ಟೀರಿ, ನಾಲಿಗಿ ಕೀಳ್ತೇನಿ. ಮತ್ತ ಕೇರಿ ಕಾಲು ಯಾವುದಾದರೂ ನನ್ನ ನೀರಿನ್ಯಾಗ ಇಳೀತೋ, ಆ ಕಾಲು ಇರಂಗಿಲ್ಲ."

ಮೂವತ್ತು ವರ್ಷ. ಝರೆಮ್ಮ ಲೆಕ್ಕ ಹಾಕಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಅಷ್ಟು ವರ್ಷ ಕಳೆದರೆ ಆ ಹೊಂಡ ತಮ್ಮದಾಗಿತ್ತು ಎಂದು ಹೇಳಲಿಕ್ಕೆ ಕೇರಿಯಲ್ಲಿ ಬಾಯಿ ಉಳಿದಿರುವುದಿಲ್ಲ.

ಅಂದು ಹೊತ್ತು ಮುಳುಗುವವರೆಗೆ ಹೆಂಗಸರು ಬೋಳು ಕಾಫಿ ಗಿಡಗಳಿಗೆ ಎಲಚಿ ಪೊದೆಯ ಕೆಂಪು ಬಾರಿಹಣ್ಣು ಕಟ್ಟಿದರು. ದಾರದಿಂದ ಒಂದೊಂದೇ ಹಣ್ಣು. ಕಟ್ಟಿದ್ದಕ್ಕಿಂತ ತಿಂದದ್ದು ಹೆಚ್ಚು.

ಟೆಂಪೋ ಬೆಳಿಗ್ಗೆ ಬಂತು. ಅದರೊಳಗಿಂದ ಇಳಿದ ಹತ್ತು ಹನ್ನೆರಡು ಮಂದಿಯಲ್ಲಿ ಭಾಲಚಂದ್ರ ಸಾಹೇಬರು ಯಾರೆಂದು ಕೇಳಬೇಕಾಗಲಿಲ್ಲ. ಸಾವ್ಕಾರನ ಸೊಂಟ ಯಾರ ಮುಂದೆ ಬಗ್ಗಿತೋ ಅವರೇ. ಮಿಕ್ಕವರಲ್ಲಿ ಎದ್ದು ಕಾಣುತ್ತಿದ್ದವರು ಇಬ್ಬರು. ಭಾಲ್ಕಿಯ ಅಲಕಾಬಾಯಿ, ಸಾಲೆಯ ಕೆಲಸದಿಂದ ನಿವೃತ್ತರಾದವರು, ಮೊಣಕಾಲು ನೋವಿನವರು, ಎಲ್ಲರನ್ನೂ ಮಾತಾಡಿಸುವವರು. ಬೀದರಿನ ಮುಸರ್ರತ, ಆಸ್ಪತ್ರೆಯಲ್ಲಿ ನರ್ಸು, ರಜೆ ಸಿಕ್ಕಿದ್ದೇ ಒಂದು ದಿನ, ಅದರಲ್ಲಿ ಒಂದು ಗಳಿಗೆಯನ್ನೂ ಬಿಟ್ಟುಕೊಡಲು ತಯಾರಿಲ್ಲದವಳು.

"ವೆಲ್‌ಕಮ್ ಟು ಬೀದರ ಜಿಲ್ಲಾದ ಕೂರ್ಗ!" ಎಂದು ಮಕರಂದ ಕೂಗಿದ. "ಇವರು ನಮ್ಮ ಕಾಫಿ ಬೆಳೆಗಾರ ಹೆಣ್ಮಕ್ಕಳು!"

ಝರೆಮ್ಮ, ಅನ್ವರಿ ಇಬ್ಬರಿಗೂ ಸೀರೆಯ ನಿರಿಗೆಯನ್ನು ಕೊಡಗಿನವರಂತೆ ಹಿಂದಕ್ಕೆ ಸಿಕ್ಕಿಸಿ, ತಲೆಗೆ ವಸ್ತ್ರ ಕಟ್ಟಿ ನಿಲ್ಲಿಸಿದ್ದರು. ಹಿಂದೆ ನಿರಿಗೆ ಇಟ್ಟು ನಡೆಯುವುದು ಗೊತ್ತಿಲ್ಲದ ಅನ್ವರಿ, ಯಾರೋ ಬೆನ್ನಟ್ಟಿ ಬರುತ್ತಿದ್ದಾರೆಂಬಂತೆ ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು.

ಗುಡ್ಡ ಹತ್ತಿದ್ದು ಅತಿಥಿಗಳು, ಹೊತ್ತದ್ದು ಇವರು. ನೀರಿನ ಡಬ್ಬ ಅನ್ವರಿಯ ತಲೆಯ ಮೇಲೆ, ಅಲಕಾಬಾಯಿಯವರು ನಿಂತಲ್ಲೆಲ್ಲ ಕೂರಲಿಕ್ಕೆ ಕಬ್ಬಿಣದ ಕುರ್ಚಿ ಝರೆಮ್ಮನ ತಲೆಯ ಮೇಲೆ. ಮೊರಮಿನ ದಾರಿ ಜಾರುತ್ತಿತ್ತು. ತುದಿಯಲ್ಲಿ ಗಾಳಿ ಜೋರಾಗಿತ್ತು. ಅಲಕಾಬಾಯಿ ಕುರ್ಚಿಯಲ್ಲಿ ಕುಳಿತು ಥರ್ಮಾಸಿನಿಂದ ಚಹಾ ಬಗ್ಗಿಸಿ ಮೊದಲ ಕಪ್ಪನ್ನು ಝರೆಮ್ಮನತ್ತ ಚಾಚಿದರು. ಒಳ್ಳೆಯ ಮನಸ್ಸಿನಿಂದಲೇ ಚಾಚಿದರು.

"ತಗೋ ಬಾಯಿ. ನನ್ನ ಕುರ್ಚಿ ಹೊತ್ತು ಭಾಳ ದಣದಿ."

ಝರೆಮ್ಮನ ಕೈ ಅರ್ಧ ಹೋಗಿತ್ತು. ನಡುವೆ ಸಾವ್ಕಾರ ಬಂದು ನಿಂತ.

"ಬ್ಯಾಡ್ರಿ ಬಾಯಾರ. ಆಕಿಗಿ ಇವತ್ತ ಉಪಾಸ ಅದ."

ಬೆಳಿಗ್ಗೆ ಎರಡು ರೊಟ್ಟಿ ಮುರಿದು ತಿಂದು ಬಂದಿದ್ದ ಝರೆಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

"ಉಪಾಸ ಏನ? ಇವತ್ತ ಆಯಿತವಾರ. ಯಾವ ದೇವರದು?"

"ಸೂರ್ಯದೇವರದ್ರಿ."

"ಹಂಗಾದ್ರ ಈಕಿ ಕುಡೀಲಿ," ಎಂದು ಅಲಕಾಬಾಯಿ ಅನ್ವರಿಯತ್ತ ತಿರುಗಿದರು.

"ಆಕಿಗೂ ಅದರಿ. ಇಬ್ಬರೂ ಕೂಡೇ ಹಿಡೀತಾರ."

ಅನ್ವರಿ ಬೇಗಂ ಆಕಾಶ ನೋಡಿದಳು. "ಯಾ ಅಲ್ಲಾ," ಎಂದು ಝರೆಮ್ಮನ ಕಿವಿಯಲ್ಲಿ ಉಸುರಿದಳು, "ನಾ ಸೂರ್ಯದೇವರಿಗಿ ಯಾವಾಗ ಹಿಡದೆ ಬೇ?"

ಝರೆಮ್ಮನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕೇರಿಯವಳು ಕಪ್ಪು ಮುಟ್ಟಿದರೆ ಅದು ಮತ್ತೆ ಆ ಬಾಯಾರ ತುಟಿಗೆ ಹೋಗಬಾರದು, ಅಷ್ಟೇ ತಾನೆ? ಅಷ್ಟು ಹೇಳಲಿಕ್ಕೆ ಈ ಹಾಟ್ಯಾ ಒಬ್ಬ ದೇವರನ್ನು ಆಕಾಶದಿಂದ ಇಳಿಸಬೇಕಾಯಿತಲ್ಲ ಎನಿಸಿತು. ಮೊದಲು ನಾಚುತ್ತಿರಲಿಲ್ಲ, ಬಾಯಿ ಬಿಟ್ಟು ಹೇಳುತ್ತಿದ್ದರು. ಬೀದರಿನ ಮಂದಿಯ ಮುಂದೆ ಹೇಳಲು ಬಾಯಿ ಬರುತ್ತಿಲ್ಲ ಇವನಿಗೆ. ಅದೊಂದು ಹೊಸ ಸಂಗತಿ ಅವಳ ತಲೆಯಲ್ಲಿ ಉಳಿಯಿತು. ಕುರ್ಚಿ ಹೊತ್ತು ಇಳಿಯುವಾಗಲೂ ಅದನ್ನೇ ಮೆಲುಕು ಹಾಕಿದಳು.

ಕಾಫಿ ತೋಟದಲ್ಲಿ ಸಾಹೇಬರು ಬೋಳು ತಲೆಯ ಗಿಡಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆದರು. "ತುದಿ ಯಾಕ ಹಿಂಗ ಕತ್ತರಿಸ್ಯಾರ?" ಎಂದು ಕೇಳಿದರು. "ಇದು ನಮ್ಮ ಕಡಿ ಪದ್ಧತಿ ಸರ್," ಎಂದ ಮಕರಂದ. ಅದೊಂದೇ ಅವನು ಆ ದಿನ ಆಡಿದ ನಿಜ.

ಸಾಹೇಬರು ಒಂದು ಕೆಂಪು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು.

"ಅರೆ! ಕಾಫಿ ಹಣ್ಣು ಇಷ್ಟ ಸಿಹಿ ಇರ್ತದೇನು? ಥೇಟ ಬಾರಿಹಣ್ಣಿನ ಹಂಗ ಅದ!"

"ಬೀದರ ಮಣ್ಣಿನ ಗುಣ ಸರ್."

"ಇದೇನ್ರಿ ಹಲ್ಲಿನ್ಯಾಗ ದಾರ?"

"ನಾರು ಸರ್. ಕಾಫಿಗಿ ನಾರು ಇರ್ತದ."

ಹಣ್ಣು ಸಿಹಿಯಾಗಿದೆ ಎಂದು ಗೊತ್ತಾದದ್ದೇ ತಡ, ಮುಸರ್ರತ ಒಂದು ಗಿಡವನ್ನು ಪೂರ್ತಿ ಬರಿದು ಮಾಡಿದಳು. ಝರೆಮ್ಮ ಬಗ್ಗಿ ಕಳೆ ಕೀಳುವವಳಂತೆ ನಟಿಸುತ್ತ ನೆಲಕ್ಕೆ ಮುಖ ಮಾಡಿ ನಕ್ಕಳು. ಪಕ್ಕೆ ನೋಯುವಷ್ಟು ನಕ್ಕಳು. ಆಮೇಲೆ ಹುರಿದ ಹುಣಸೆ ಬೀಜ ಕುಟ್ಟಿ, ಪ್ಯಾಕೆಟ್ಟಿನ ಕಾಫಿಪುಡಿ ಬೆರೆಸಿ ಕಾಸಿದ ನೀರು ಎಲ್ಲರ ಕೈಗೆ ಬಂತು. ಕುಡಿದವರು ಹುಬ್ಬು ಏರಿಸಿದರು, ಇಂಥದು ಎಲ್ಲೂ ಕುಡಿದಿಲ್ಲ ಎಂದರು. ಅದೂ ನಿಜವೇ.

ಹೊಗಳಿಕೆ ಸಾವ್ಕಾರನ ನೆತ್ತಿಗೇರಿತು. ಕಪ್ಪು ಹಿಡಿದು ಭಾಷಣಕ್ಕೇ ನಿಂತ.

"ಇದು ಶರಣರ ನಾಡು ಅದರಿ ಸಾಹೇಬ್ರ. ನಮ್ಮಲ್ಲಿ ಮ್ಯಾಲ ಕೆಳಗ ಅನ್ನೂದಿಲ್ಲ. ಕೆಲಸದವರು ನನ್ನ ಮನಿ ಹೆಣ್ಮಕ್ಕಳಿದ್ದಂಗ. ನಮ್ಮ ಚಿಲುಮಿ ನೀರೂ ಹಂಗೇ. ಯಾರಿಗೂ ಭೇದ ಮಾಡಂಗಿಲ್ಲ. ಯಾರ ಬೇಕಾದವರು ಇಳೀಬಹುದು, ಮೈ ಹಗುರ ಮಾಡ್ಕೋಬಹುದು."

ಎಲ್ಲರೂ ಚಪ್ಪಾಳೆ ಹೊಡೆದರು. ಝರೆಮ್ಮ ಹೊಡೆಯಲಿಲ್ಲ. ಕೇಳಿಸಿಕೊಂಡಳು.

ಊಟ ಮುಗಿಸಿ ಮಂದಿ ಹೊಂಡಕ್ಕೆ ಬರುವಷ್ಟರಲ್ಲಿ ಆಕಳ ಬಾಯಿಂದ ಬಿಸಿನೀರು ಧೋ ಎಂದು ಬೀಳುತ್ತಿತ್ತು. ಹಬೆ ಎದ್ದಿತ್ತು, ಗಂಧಕದ ವಾಸನೆ ಹಬ್ಬಿತ್ತು. ಝರೆಮ್ಮ ಟವೆಲ್ಲು ಕೊಡುವವಳಾಗಿ ಮೆಟ್ಟಿಲ ಬಳಿ ನಿಂತಳು. ತುಳಜಮ್ಮ, ಅನ್ವರಿ ಗೋಡೆಯ ಹಿಂದೆ ಕಟ್ಟಿಗೆ ಹೊರಲು ಹೋದರು. ಹೆಂಗಸರು ಬಟ್ಟೆ ಸಮೇತ ಇಳಿದರು, ಗಂಡಸರು ಸುತ್ತಲೂ ಕುಳಿತು ಕಾಲು ಇಳಿಬಿಟ್ಟರು. ಸಾಹೇಬರು ಪ್ಯಾಂಟು ಮಡಚಿ ಪಾದ ಅದ್ದಿ ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಹಬೆ ಸ್ವಲ್ಪ ಇಳಿಯಿತು. ಸಾವ್ಕಾರ ನಗುಮುಖದಲ್ಲೇ ಗೋಡೆಯ ಹಿಂದೆ ಹೋದ. ಟವೆಲ್ಲು ತರಲು ಹೋಗಿದ್ದ ಝರೆಮ್ಮನಿಗೆ ಕಂಡಿತು. ಒಲೆಯ ಬಾಯಿಗೆ ಬಗ್ಗಿ ಊದುತ್ತಿದ್ದ ಪಂಢರಿಯ ಬೆನ್ನಿಗೆ ಸಾವ್ಕಾರ ಒದ್ದ. ಮುದುಕ ಬೂದಿಯ ಮೇಲೆ ಮುಖ ಅಡಿಯಾಗಿ ಬಿದ್ದ.

"ನಿದ್ದಿ ಹೊಡೀಲತ್ತೀ ಏನಲೇ ಭಾಡ್ಯಾ? ಉರಿ ಹಾಕು!"

ಪಂಢರಿ ಎದ್ದು, ಬೂದಿ ಉಗುಳಿ, ರವದಿಗೆ ಕೈ ಹಾಕಿದ. ಅವನ ಗಡ್ಡಕ್ಕೆ ಒಂದು ಕಿಡಿ ಅಂಟಿತ್ತು. ಅನ್ವರಿ ಸೆರಗಿನಿಂದ ಅದನ್ನು ಉಜ್ಜಿ ಆರಿಸಿದಳು.

ಸಾವ್ಕಾರ ಹೊರಗೆ ಬಂದಾಗ ಮುಖದಲ್ಲಿ ಮತ್ತೆ ಅದೇ ನಗು. ಸಾಹೇಬರು ಕಣ್ಣು ಬಿಟ್ಟರು. "ಶಿವರಾಜಪ್ಪನೋರೆ, ಮಸ್ತ ಅದರಿ. ನಾಳಿನೇ ಬರೀತೀನಿ. ಈ ಜಾಗ ನಿಮ್ಮಂಥವರ ಕೈಯಾಗೇ ಇರಬೇಕು."

ಟವೆಲ್ಲು ಹಿಡಿದು ಮೆಟ್ಟಿಲಿಗೆ ಮರಳಿದ ಝರೆಮ್ಮ ಅದನ್ನು ಕೇಳಿಸಿಕೊಂಡಳು. ಇಷ್ಟು ಬೇಗ? ಒಂದು ಬಾರಿಹಣ್ಣು, ಒಂದು ಕಪ್ಪು ಹುಣಸೆ ಬೀಜ, ಪಾದ ಅದ್ದುವಷ್ಟು ಬಿಸಿನೀರು, ಅಷ್ಟಕ್ಕೇ ಹೋಯಿತೇ ಹೊಂಡ?

"ಬಾಯಿ," ಎಂದು ನೀರೊಳಗಿಂದ ಅಲಕಾಬಾಯಿ ಕರೆದರು. ಝರೆಮ್ಮನ ತೋಳು ಹಿಡಿದೇ ಅವರು ಮೆಟ್ಟಿಲು ಇಳಿದಿದ್ದರು. "ನೀನೂ ಬಾ. ಗುಡ್ಡ ಹತ್ತಿ ಇಳದಿ, ನಿನ್ನ ಕಾಲೂ ನೋಯ್ತಿರಬೇಕು."

"ಆಕಿ ಬರಂಗಿಲ್ರಿ," ಎಂದ ಸಾವ್ಕಾರ ಥಟ್ಟನೆ. "ಆಕಿಗಿ ನೀರಂದ್ರ ಅಂಜಿಕಿ."

ಆ ಮಾತು ಕೇಳಿ ಝರೆಮ್ಮನೊಳಗೆ ಏನೋ ಕಳಚಿಕೊಂಡಿತು. ಸಿಟ್ಟೆಂದರೆ ಸಿಟ್ಟಲ್ಲ, ಮದುವೆಯ ಹಂದರದಲ್ಲಿ ಹುಡುಗಿಯರಿಗೆ ತಡೆಯಲಾಗದೆ ಬರುತ್ತದಲ್ಲ, ಅಂಥ ನಗೆ. ಈ ಹೊಂಡದಲ್ಲಿ ಈಜು ಕಲಿತವಳಿಗೆ ನೀರಿನ ಅಂಜಿಕೆಯಂತೆ! ಕೈಯಲ್ಲಿದ್ದ ಟವೆಲ್ಲುಗಳನ್ನು ಸಾಹೇಬರ ತೊಡೆಯ ಮೇಲಿಟ್ಟಳು. ಹಿಂದಿನ ನಿರಿಗೆ ಕಿತ್ತು ಮುಂದಕ್ಕೆ ತಂದು ಕಚ್ಚೆ ಬಿಗಿದಳು. ಒಂದು ಮೆಟ್ಟಿಲು, ಎರಡು ಮೆಟ್ಟಿಲು ಇಳಿದಳು, ಆಮೇಲೆ ಇಳಿಯಲಿಲ್ಲ, ಧುಮುಕಿದಳು. ನೀರು ಸಾಹೇಬರ ಅಂಗಿಯವರೆಗೆ ಹಾರಿತು.

ಬಿಸಿನೀರು ಕುತ್ತಿಗೆಯವರೆಗೆ ಬಂತು. ಅಯ್ಯೋ ಯವ್ವಾ, ಎಷ್ಟು ಹಿತವಾಗಿತ್ತು ಅದು! ತಿಂಗಳುಗಟ್ಟಲೆ ತಾವೇ ಕಟ್ಟಿಗೆ ಹೊತ್ತು ಕಾಯಿಸುತ್ತಿದ್ದ ನೀರು ಹೇಗಿರುತ್ತದೆ ಎಂದು ಮೊದಲ ಸಲ ಅವಳ ಮೈಗೆ ಗೊತ್ತಾಯಿತು. ಸೊಂಟ, ಮಂಡಿ, ಹೆಗಲು ಒಂದೊಂದಾಗಿ ಸಡಿಲಾದವು.

"ಏ ತುಳಜಾ! ಏ ಅನ್ವರಿ! ಪಂಢರಿ ಮಾಮಾ! ಎಲ್ಲಾ ಬಿಟ್ಟು ಬರ್ರೇ! ಸಾವ್ಕಾರ್ರು ಯಾರಿಗೂ ಭೇದ ಮಾಡಂಗಿಲ್ಲ ಅಂದಾರ!"

ಅವರು ಬಂದರು. ಕರೆಯುವುದನ್ನೇ ಕಾಯುತ್ತಿದ್ದವರಂತೆ ಬಂದರು. ತುಳಜಮ್ಮ ಮಸಿ ಹತ್ತಿದ ಕೈಕಾಲಿನಲ್ಲೇ ಬಿದ್ದಳು. ಅನ್ವರಿ "ಬಿಸ್ಮಿಲ್ಲಾ" ಎಂದು ಮೂಗು ಹಿಡಿದು ಕೂತಳು. ಪಂಢರಿ ಮುಜುಗರಪಟ್ಟು ಕೊನೆಯ ಮೆಟ್ಟಿಲಲ್ಲಿ ಕುಳಿತು ಮುಖದ ಬೂದಿ ತೊಳೆದುಕೊಂಡ. ಸುದ್ದಿ ಹೇಗೆ ಮುಟ್ಟಿತೋ, ಕೇರಿಯ ಇನ್ನೂ ಐದಾರು ಹೆಂಗಸರು ಬೇಲಿಯ ತಂತಿ ಎತ್ತಿ ನುಸುಳಿ ಬಂದು ಇಳಿದರು. ಅತಿಥಿಗಳು ಇದೂ ಕಾರ್ಯಕ್ರಮದ ಒಂದು ಭಾಗವೆಂದು ತಿಳಿದು ಮೊಬೈಲು ತೆಗೆದು ಫೋಟೋ ಹೊಡೆದರು.

ಸಾವ್ಕಾರ ಮಾತ್ರ ದಂಡೆಯ ಮೇಲೆ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದ. ಏಳಿ ಎನ್ನಬೇಕೆಂದರೆ ಯಾಕೆ ಏಳಬೇಕೆಂದು ಹೇಳಬೇಕು. ಕೆಲಸಕ್ಕೆ ಹೋಗಿ ಎನ್ನಬೇಕೆಂದರೆ ಯಾವ ಕೆಲಸ ಎಂದು ಸಾಹೇಬರು ಕೇಳುತ್ತಾರೆ. ಜಾತಿ ಎತ್ತಿದರೆ ಆಗಷ್ಟೇ ಹೊಡೆಸಿಕೊಂಡ ಚಪ್ಪಾಳೆ ನೀರುಪಾಲು. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನ ಅವಸ್ಥೆ ನೋಡಿ ಝರೆಮ್ಮನಿಗೆ ಇನ್ನಷ್ಟು ನಗೆ ಉಕ್ಕಿತು. ಮುಳುಗು ಹಾಕಿ ಮೂಲೆಗೆ ಹೋಗಿ, ಝರಿಯ ಬಾಯಿಗೆ ತುರುಕಿದ್ದ ಗೋಣಿಚೀಲವನ್ನು ಕಾಲಿನಿಂದ ಒದ್ದು ಕಿತ್ತಳು. ಎರಡು ವರ್ಷ ತಡೆದಿದ್ದ ತಣ್ಣೀರು ಬುಳುಬುಳು ಎಂದು ಒಳಗೆ ಬಂತು.

"ಇದೇನ್ರಿ, ನೀರು ಥಂಡಿ ಆಗ್ಲತ್ತದ?" ಎಂದರು ಸಾಹೇಬರು ಸ್ವಲ್ಪ ಹೊತ್ತಿನಲ್ಲಿ.

"ಚಿಲುಮಿ ಜರಾ ದಮ್ಮು ತಗೊಳ್ತದ ಸರ್. ನಿಸರ್ಗ," ಎಂದ ಮಕರಂದ. ಅವನ ಹಣೆಯಲ್ಲಿ ಬೆವರಿತ್ತು.

"ಥಂಡಿ ನೀರಿಗಿ ಬಿಸಿನೀರಿನ ಚಿಲುಮಿ ಅಂತ ಹ್ಯಾಂಗ ಬರೀಲಿ ನಾನು?"

ಸಾವ್ಕಾರ ಮಕರಂದನ ಮುಖ ನೋಡಿದ. ಮಕರಂದ ತನ್ನ ಬಿಳಿ ಬೂಟು ನೋಡಿಕೊಂಡ. ಬೇರೆ ದಾರಿ ಕಾಣದೆ ಶಿವರಾಜಪ್ಪ ಸಾವ್ಕಾರ, ಇಸ್ತ್ರಿ ಮಾಡಿದ ಧೋತರದ ಚುಂಗು ಎತ್ತಿ ಹಿಡಿದು, ತಾನೇ ಗೋಡೆಯ ಹಿಂದೆ ಹೋದ.

ಕಟ್ಟಿಗೆ ಮುರಿಯುವ ಸದ್ದು ಕೇಳಿಸಿತು. ಕೆಮ್ಮು ಕೇಳಿಸಿತು. ಗೋಡೆಯ ಮೇಲಿಂದ ಕರಿ ಹೊಗೆ ಎದ್ದಿತು.

"ಹಸಿ ರವದಿ ಹಾಕ್ಯಾನ," ಎಂದ ಪಂಢರಿ ಮೆಲ್ಲಗೆ.

"ಸಾವ್ಕಾರ್ರ!" ಎಂದು ಝರೆಮ್ಮ ಕೂಗಿದಳು, ಕೂಗುವಾಗ ಧ್ವನಿ ನಗುವಿನಿಂದ ನಡುಗುತ್ತಿತ್ತು. "ಇನ್ನ ಜರಾ ಉರಿ ಹಾಕ್ರಿ! ಬೆನ್ನಿಗಿ ಬಿಸಿ ಸಾಲಂಗಿಲ್ಲ!"

"ಒಳಗ ಬಗ್ಗಿ ಊದ್ರಿ ಸಾವ್ಕಾರ್ರ, ಬಗ್ಗಿ!" ಎಂದಳು ತುಳಜಮ್ಮ.

ಕೇರಿಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹೊಂಡದ ನೀರೆಲ್ಲ ಕುಲುಕಿತು. ಏನೆಂದು ತಿಳಿಯದ ಮುಸರ್ರತಳೂ ನಕ್ಕಳು, ಅಲಕಾಬಾಯಿಯೂ ನಕ್ಕರು. ಅಷ್ಟು ಮಂದಿ ಒಂದೇ ನೀರಿನಲ್ಲಿ ನಿಂತು ನಕ್ಕದ್ದು ಆ ಊರಿನಲ್ಲಿ ಅದೇ ಮೊದಲು.

ಗೋಡೆಯಾಚೆಯಿಂದ ಸಾವ್ಕಾರ ಬಂದ. ಧೋತರ ಮಸಿಯಾಗಿತ್ತು, ಕಣ್ಣು ಕೆಂಡವಾಗಿತ್ತು, ಕೈಯಲ್ಲಿ ಉರಿಯುವ ತೊಗರಿ ಕಟ್ಟಿಗೆ ಇತ್ತು.

"ಏಳ್ರೆಲೇ ಹೊಲ್ಯಾ ರಂಡೇರ! ಮುಟ್ಟಿಸ್ಕೋಬಾರದವರು ನೀರೆಲ್ಲಾ ಹೊಲಸ ಮಾಡಿ, ಮತ್ತ ನನ್ನ ಕೈಲೇ ಉರಿ ಹಾಕಿಸ್ತೀರಿ? ಏಳ್ರಿ, ಇಲ್ಲಂದ್ರ ಸುಡ್ತೇನಿ!"

ನಗೆ ನಿಂತಿತು. ಮೊಬೈಲುಗಳು ಕೆಳಗಿಳಿದವು.

ಮೊದಲು ಅಲ್ಲಾಡಿದವರು ಅಲಕಾಬಾಯಿ. "ನನಗ ಥಂಡಿ ಆಗ್ತದ್ರಿ," ಎಂದರು, ಯಾರಿಗೆಂದು ಗೊತ್ತಾಗದ ಹಾಗೆ. ಮೆಟ್ಟಿಲು ಜಾರುತ್ತದೆಂದು ಝರೆಮ್ಮ ಕೈ ಚಾಚಿದಳು. ಇಳಿಯುವಾಗ ಹಿಡಿದ ಆ ಕೈಯನ್ನು ಬಿಟ್ಟು ಅಲಕಾಬಾಯಿ ಸ್ಟೀಲಿನ ಕಂಬಿ ಹಿಡಿದು ಹತ್ತಿದರು. ಹಿಂದೆಯೇ ಒಬ್ಬರಿಗೆ ಫೋನು ಬಂದಂತಾಯಿತು, ಒಬ್ಬರಿಗೆ ತಲೆನೋವು ಬಂತು, ಒಬ್ಬರಿಗೆ ಟೆಂಪೋ ಹೊತ್ತಾಯಿತು. ಸಾಹೇಬರು ಪಾದ ಮೇಲೆತ್ತಿ, ಕರವಸ್ತ್ರದಿಂದ ಬೆರಳು ಸಂದಿಗಳನ್ನು ಒಂದೊಂದಾಗಿ ಒರೆಸಿಕೊಂಡರು. ಕೆಟ್ಟ ಮಾತನ್ನು ಯಾರೂ ಆಡಲಿಲ್ಲ.

ಮುಸರ್ರತ ಒಬ್ಬಳು ನೀರಿನಲ್ಲೇ ಇದ್ದಳು. "ನಾ ಯಾಕ ಏಳ್ಲಿ?" ಎಂದಳು ಮಕರಂದನಿಗೆ. "ಊಟದಾಗ ಉಪ್ಪ ಇರ್ಲಿಲ್ಲ, ಗುಡ್ಡದಾಗ ನೆಳ್ಳ ಇರ್ಲಿಲ್ಲ. ನೀರೊಂದಾದ್ರೂ ಪೂರಾ ನೋಡ್ತೇನಿ."

ಝರೆಮ್ಮನ ಚಾಚಿದ ಕೈ ಹಾಗೇ ಇತ್ತು. ಅವಳು ಅದನ್ನು ನೀರೊಳಗೆ ಇಳಿಸಿದಳು. ನೋವಾಯಿತು. ತನ್ನನ್ನು ಬಿಟ್ಟದ್ದು ಚಹಾ ಕೊಡಬಂದ ಕೈ, ಆದ್ದರಿಂದಲೇ ತನಗೆ ಗುರಿಯಿಟ್ಟ ಚಪ್ಪಲಿಗಿಂತ ಹೆಚ್ಚು ನೋವಾಯಿತು. ಆದರೂ ಅವಳು ಏಳಲಿಲ್ಲ. ಯಾರೂ ಏಳಲಿಲ್ಲ.

"ಸಾಹೇಬ್ರ," ಎಂದಳು. "ಇದು ನಮ್ಮ ಹೊಂಡ ಅದರಿ. ನಮ್ಮತ್ತಿ ಕಲ್ಲು ಹೊತ್ತಾಳ."

ಸಾಹೇಬರು ಅವಳತ್ತ ನೋಡಲಿಲ್ಲ. ಗೋಡೆಯ ಮೇಲಿನ ಹೊಗೆ ನೋಡಿದರು, ಸಾವ್ಕಾರನ ಕೈಯ ಕಟ್ಟಿಗೆ ನೋಡಿದರು. ಬೂಟು ಹಾಕಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಅವನಿಗಷ್ಟೇ ಎಂಬಂತೆ ಹೇಳಿದರು. ನೀರಿನ ಮೇಲೆ ಮಾತು ದೂರ ಹೋಗುತ್ತದೆ, ಎಲ್ಲರಿಗೂ ಕೇಳಿಸಿತು.

"ಇದನ್ನ ಬಿಟ್ಟಬಿಡ್ರಿ ಶಿವರಾಜಪ್ಪನೋರೆ. ನಾ ಬರ್ಯಂಗಿಲ್ಲ. ಬರದ್ರೂ ಇನ್ನ ಈ ನೀರಿಗಿ ನಮ್ಮಂಥ ಮಂದಿ ಬರಂಗಿಲ್ಲ."

ಟೆಂಪೋ ಶುರುವಾಯಿತು. ಒಬ್ಬರು ಕಡಿಮೆ ಇದ್ದಾರೆಂದು ಮಕರಂದ ಹಾರ್ನು ಹೊಡೆಸಿದ. ಮುಸರ್ರತ ಕೈ ಬೀಸಿ ಇನ್ನೊಂದು ಮುಳುಗು ಹಾಕಿದಳು.

ಸಾವ್ಕಾರನ ಕೈಯ ಬೆಂಕಿ ಆರಿ ಹೊಗೆಯಾಡುತ್ತಿತ್ತು. ಅವನು ನೀಲಿ ಹಂಚು, ಸ್ಟೀಲು ಕಂಬಿ, ಆಕಳ ಮುಖ ಎಲ್ಲವನ್ನೂ ನೋಡಿದ. "ನಾಳಿ ನೋಡ್ಕೋತೇನಿ ನಿಮ್ಮನ್ನ," ಎಂದ.

"ನಾಳಿ ನೋಡ್ರಿ," ಎಂದಳು ತುಳಜಮ್ಮ ಬೆನ್ನು ತಿಕ್ಕಿಕೊಳ್ಳುತ್ತ. "ಇವತ್ತ ಜಳಕ ಮಾಡ್ಲತ್ತೀವಿ."

"ಥೂ! ಹೊಲ್ಯಾರು ಮುಳುಗೆದ್ದ ನೀರು! ಇನ್ನ ಈ ನೀರು ಯಾರಿಗಿ ಬೇಕು?"

"ನಮಗ ಬೇಕ್ರಿ," ಎಂದಳು ಝರೆಮ್ಮ.

ನೀರು ಪೂರ್ತಿ ತಣ್ಣಗಾಗಿತ್ತು. ಅವಳು ಬೇಲಿಯತ್ತ ತಿರುಗಿ, ಕೇರಿಗೆ ಕೇಳಿಸುವಂತೆ, ಮನೆಯಲ್ಲಿರುವ ಕೊಡ ಬಿಂದಿಗೆ ಎಲ್ಲ ತೆಗೆದುಕೊಂಡು ಬರಲು ಕೂಗಿದಳು.